ಡ್ರಮ್ ತಿರುಗುತ್ತದೆ, ಬಿಸಿ ಬರುವುದಿಲ್ಲ: ಮೂಡಿಗೆರೆಯ ಹೋಂಸ್ಟೇಯೊಂದರ ಡ್ರೈಯರ್ ಪ್ರಕರಣ

ಮೂಡಿಗೆರೆ ಕಡೆಯ ಕಾಫಿ ತೋಟದೊಳಗೆ ಆರು ಕೋಣೆಗಳ ಒಂದು ಹೋಂಸ್ಟೇ. ಮಳೆಗಾಲದಲ್ಲಿ ಅಲ್ಲಿ ಹೊರಗೆ ಹಾಕಿದ ಬೆಡ್‌ಶೀಟ್ ಮೂರು ದಿನವಾದರೂ ಒಣಗುವುದಿಲ್ಲ. ಮನೆಯವರ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸಬಹುದು. ಅತಿಥಿಗಳ ಹೊದಿಕೆಗೆ ಹೊಗೆಯ ವಾಸನೆ ಹತ್ತಿದರೆ ನಡೆಯುವುದಿಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದೆ 7 ಕೆ.ಜಿ.ಯ ಡ್ರೈಯರ್ ತಂದಿದ್ದರು. ಒದ್ದೆ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ ತಳ್ಳುವ ಮಾದರಿ ಅದು. ಹೀಟರ್ 2000 ವ್ಯಾಟ್. ಡ್ರಮ್ಮನ್ನೂ ಫ್ಯಾನನ್ನೂ ತಿರುಗಿಸುವುದಕ್ಕೆ ಒಂದೇ ಮೋಟರ್.

ದೂರು ಸರಳವಾಗಿತ್ತು. ಮೆಷಿನ್ ಆನ್ ಆಗುತ್ತದೆ, ಡ್ರಮ್ ತಿರುಗುತ್ತದೆ, ದೀಪಗಳೆಲ್ಲ ಸರಿಯಾಗಿ ಉರಿಯುತ್ತವೆ, ಒಂದೂವರೆ ಗಂಟೆ ಓಡಿ ತಾನಾಗಿ ನಿಲ್ಲುತ್ತದೆ. ಬಾಗಿಲು ತೆಗೆದರೆ ಬಟ್ಟೆ ಹಾಕಿದಷ್ಟೇ ಒದ್ದೆ, ಮುಟ್ಟಿದರೆ ತಣ್ಣಗೆ. ಇದು ಅದೇ ಮಳೆಗಾಲದ ಮೂರನೆಯ ಸಲ ಎಂಬುದೇ ಪ್ರಕರಣವನ್ನು ಗಂಭೀರವಾಗಿಸಿದ ಸಂಗತಿ. ಮೃಗಶಿರಾ ಮಳೆಯ ಹೊತ್ತಿಗೆ ಮೊದಲ ಬಾರಿ ಕೆಟ್ಟು, ಹೀಟರ್ ಪೆಟ್ಟಿಗೆಯ ಮೇಲಿನ ಒಂದು ಕಟ್‌ಔಟ್, ಅಂದರೆ ಬಿಸಿ ಮಿತಿಮೀರಿದರೆ ಹೀಟರಿನ ಕರೆಂಟು ಕತ್ತರಿಸುವ ಬಿಲ್ಲೆ, ಬದಲಾಯಿತು. ಆರಿದ್ರಾ ಮುಗಿಯುವುದರೊಳಗೆ ಅದೇ ಕಟ್‌ಔಟ್ ಮತ್ತೆ ಹೋಯಿತು, ಮತ್ತೆ ಹೊಸದು ಬಂತು. ಪುನರ್ವಸು ಮಳೆ ಹಿಡಿದಾಗ ಮೂರನೆಯದು. “ಹಾಕಿಸಿ ಹದಿನೈದು ದಿನವೂ ಆಗಿಲ್ಲ ನೋಡಿ ಅಣ್ಣ” ಎಂದರು ಮನೆಯ ಯಜಮಾನತಿ. ಪದೇ ಪದೇ ಹೋಗುವ ಈ ಕಟ್‌ಔಟನ್ನು ತೆಗೆದು ಎರಡು ವೈರ್ ನೇರ ಸೇರಿಸಿಬಿಡಿ ಎಂಬ ಸಲಹೆಯೂ ಅವರಿಗೆ ಅಷ್ಟರಲ್ಲಿ ಬಂದಿತ್ತು. ಪುಣ್ಯಕ್ಕೆ ಅವರು ಒಪ್ಪಿರಲಿಲ್ಲ.

ಬಿಚ್ಚುವ ಮೊದಲು

ಹಿಂಬದಿಯ ತಗಡು ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಮೊದಲು ಪ್ರೋಗ್ರಾಂ ನೋಡಬೇಕು. ಬರೀ ತಣ್ಣನೆ ಗಾಳಿ ಬಿಡುವ ಪ್ರೋಗ್ರಾಂ ಹೆಚ್ಚಿನ ಮೆಷಿನ್‌ಗಳಲ್ಲಿ ಇರುತ್ತದೆ. ಗುಂಡಿ ಅದರ ಮೇಲೆ ನಿಂತಿದ್ದರೆ ದೋಷ ಮೆಷಿನ್‌ನದ್ದಲ್ಲ. ಇಲ್ಲಿ ‘ಕಾಟನ್’ ಮೇಲೇ ಇತ್ತು.

ಎರಡನೆಯದು, ಹೀಟರ್ ಕರೆಂಟು ಎಳೆಯುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು. ವೈರ್ ಕಳಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಫೇಸ್ ವೈರ್ ಒಂದರ ಸುತ್ತ ಮಾತ್ರ ಹಾಕಬೇಕು. ಇಡೀ ಕೇಬಲ್‌ಗೆ ಹಾಕಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ 8.7 ಆಂಪ್ ಎಳೆಯಬೇಕು, ಮೋಟರ್ ಸೇರಿ ಹತ್ತರ ಹತ್ತಿರ. ಇಲ್ಲಿ ಬಂದದ್ದು 1.1 ಆಂಪ್, ಅಂದರೆ ಮೋಟರ್ ಒಂದೇ. ಐದು ಆಂಪ್ ಆಸುಪಾಸು ಬಂದಿದ್ದರೆ ಎರಡು ಕಾಯಿಲ್ ಇರುವ ಹೀಟರ್‌ನಲ್ಲಿ ಒಂದು ತುಂಡಾಗಿದೆ ಎಂದು ಅರ್ಥ. ಆಗ ಗಾಳಿ ಉಗುರುಬೆಚ್ಚಗೆ ಬರುತ್ತದೆ, ಬಟ್ಟೆ ಒಣಗಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

ಕ್ಲ್ಯಾಂಪ್ ಮೀಟರ್ ಇಲ್ಲದ ಮನೆಯಲ್ಲಿ ಕರೆಂಟಿನ ಮೀಟರೇ ಸಾಕು. ಅದರ ಕೆಂಪು ದೀಪ ಒಂದು ಯೂನಿಟ್‌ಗೆ ಎಷ್ಟು ಸಲ ಮಿಟುಕುತ್ತದೆ ಎಂಬುದು ಮೀಟರಿನ ಮುಖದ ಮೇಲೆ ಅಚ್ಚಾಗಿರುತ್ತದೆ. ಅದು 3200 ಆಗಿದ್ದು, ಮನೆಯ ಉಳಿದೆಲ್ಲ ಲೋಡ್ ಆಫ್ ಆಗಿದ್ದರೆ, ಡ್ರೈಯರ್ ಬಿಸಿ ಮಾಡುತ್ತಿರುವಾಗ ಸೆಕೆಂಡಿಗೆ ಎರಡು ಸಲ ಮಿಟುಕಬೇಕು. ಬರೀ ಡ್ರಮ್ ತಿರುಗುತ್ತಿದ್ದರೆ ಐದಾರು ಸೆಕೆಂಡಿಗೆ ಒಂದು ಸಲ. ಫೋನಿನಲ್ಲಿ ಮೆಕ್ಯಾನಿಕ್‌ಗೆ ಇದಿಷ್ಟು ಹೇಳಿದರೂ ಅವರು ಸರಿಯಾದ ಪಾರ್ಟ್ ಹಿಡಿದುಕೊಂಡು ತೋಟಕ್ಕೆ ಬರುತ್ತಾರೆ. ಮಳೆಯಲ್ಲಿ ಇಪ್ಪತ್ತು ಕಿಲೋಮೀಟರ್ ಎರಡೆರಡು ಸಲ ಓಡಾಡುವುದು ತಪ್ಪುತ್ತದೆ.

ಒಳಗೆ ಕಂಡದ್ದು

ಪ್ಲಗ್ ಕಿತ್ತು, ಆ ಲೈನಿನ ಎಂಸಿಬಿಯನ್ನೂ ಇಳಿಸಿ ಕೆಲಸ ಶುರು. ಮಳೆಗಾಲದಲ್ಲಿ ವಾಷಿಂಗ್ ಕೋಣೆಯ ನೆಲ ಯಾವಾಗಲೂ ಒದ್ದೆ. ಸ್ವಿಚ್ ಒತ್ತಿ ಆಫ್ ಮಾಡಿದ್ದೇನೆ ಎಂಬ ನಂಬಿಕೆಯ ಮೇಲೆ ಯಾರೂ ಒಳಗೆ ಕೈ ಹಾಕಬಾರದು. 16 ಆಂಪ್ ಸಾಕೆಟ್‌ನ ಒಂದು ಕಣ್ಣು ಕಂದು ತಿರುಗಿತ್ತು. ಅದನ್ನು ಅಲ್ಲೇ ಬದಲಾಯಿಸಲಾಯಿತು, ಆದರೆ ಮೂಲ ದೋಷ ಅದಲ್ಲ.

ಹೀಟರಿನ ಒಂದು ಕಡೆಯ ವೈರ್ ಕಳಚಿ ಅಳೆದಾಗ 27 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿದರೆ ಇರಬೇಕಾದದ್ದು 26.5. ಹೀಟರ್ ಸರಿಯಿದೆ. ವೈರ್ ಕಳಚದೆ ಅಳೆದರೆ ಬೇರೆ ದಾರಿಯಿಂದಲೂ ಕರೆಂಟು ಹರಿದು ಮೀಟರ್ ಸುಳ್ಳು ಹೇಳಬಹುದು. ಹೀಟರಿನಿಂದ ಮೆಷಿನ್ನಿನ ಲೋಹದ ಮೈಗೆ ಕರೆಂಟಿನ ಸೋರಿಕೆ ಇರಲಿಲ್ಲ. ಹೊರಹೋಗುವ ಗಾಳಿಯ ದಾರಿಯಲ್ಲಿ ಕೂತ, ಬಿಸಿ ಅಳೆಯುವ ಸೆನ್ಸರ್ 21 ಡಿಗ್ರಿ ಕೋಣೆಯಲ್ಲಿ 12 ಕಿಲೋ ಓಮ್ ತೋರಿಸಿತು. ಅಂಗೈಯಲ್ಲಿ ಹಿಡಿದರೆ ನಿಧಾನಕ್ಕೆ ಇಳಿಯಿತು. 25 ಡಿಗ್ರಿಗೆ 10 ಕಿಲೋ ಓಮ್ ಇರುವ ಮಾದರಿಯ ಸೆನ್ಸರ್‌ಗೆ ಇದು ಸರಿಯಾದ ಲೆಕ್ಕ.

ಹೀಟರ್ ಪೆಟ್ಟಿಗೆಯ ಮೇಲೆ ನಾಣ್ಯದಷ್ಟಗಲದ ಎರಡು ಬಿಲ್ಲೆಗಳಿದ್ದವು. ಒಂದು ಥರ್ಮೋಸ್ಟಾಟ್. ಅದರ ಮೇಲೆ 120 ಡಿಗ್ರಿ ಎಂದು ಅಚ್ಚಾಗಿತ್ತು. ಬಿಸಿ ಅಷ್ಟಕ್ಕೇರಿದರೆ ಕರೆಂಟಿನ ಸಂಪರ್ಕ ಬಿಡುತ್ತದೆ, ತಣಿದ ಮೇಲೆ ತಾನೇ ಕೂಡುತ್ತದೆ. ಇನ್ನೊಂದು 150 ಡಿಗ್ರಿಯ ಕಟ್‌ಔಟ್, ಒಮ್ಮೆ ಬಿಟ್ಟಿತೆಂದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. (ಈ ಅಂಕಿಗಳು ಈ ಮೆಷಿನ್‌ನವು. ಬೇರೆ ಮಾಡೆಲ್‌ನಲ್ಲಿ ಬೇರೆ ಇರುತ್ತವೆ, ಬಿಲ್ಲೆಯ ಮೇಲೆ ಅಚ್ಚಾದದ್ದನ್ನೇ ನಂಬಬೇಕು.) ಎರಡೂ ಹೀಟರಿನ ಜೊತೆ ಸಾಲಾಗಿ ಜೋಡಿಸಿದವು. ಮೀಟರ್ ಇಟ್ಟಾಗ 120ರದು ಕಂಟಿನ್ಯುಟಿ (ಕರೆಂಟು ಹರಿಯುವ ದಾರಿ ಇದೆ ಎಂದು) ತೋರಿಸಿತು, 150ರದು ತೋರಿಸಲಿಲ್ಲ.

ಹಿಂದಿನ ಎರಡೂ ರಿಪೇರಿ ನಿಂತದ್ದು ಇಲ್ಲೇ. ಒಂದು ಬಿಲ್ಲೆ ‘ಸರಿಯಿದೆ’, ಇನ್ನೊಂದು ಹೋಗಿದೆ, ಹೋದದ್ದನ್ನು ಬದಲಾಯಿಸಿದರಾಯಿತು. ಆದರೆ 120ಕ್ಕೆ ಬಿಡಬೇಕಾದ ಬಿಲ್ಲೆ ನಿಜವಾಗಿ ಸರಿಯಿದ್ದರೆ ಬಿಸಿ 150ಕ್ಕೆ ಏರಿದ್ದಾದರೂ ಹೇಗೆ? ಎರಡನೆಯ ಕಾವಲುಗಾರ ಸತ್ತಿದ್ದಾನೆ ಎಂದರೆ ಮೊದಲನೆಯವನು ತನ್ನ ಕೆಲಸ ಮಾಡಿಲ್ಲ ಎಂದೇ ಅರ್ಥ.

ತಣ್ಣಗಿರುವ ಥರ್ಮೋಸ್ಟಾಟ್ ಕಂಟಿನ್ಯುಟಿ ತೋರಿಸಿದರೆ ಅದು ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ಒಳಗಿನ ಕಾಂಟ್ಯಾಕ್ಟ್ ಬೆಸೆದುಹೋಗಿದ್ದರೂ ಮೀಟರ್ ಅದನ್ನೇ ತೋರಿಸುತ್ತದೆ. ಬಿಸಿ ಮಾಡಿಯೇ ಪರೀಕ್ಷಿಸಬೇಕು. ಬಿಲ್ಲೆಯ ಲೋಹದ ಮುಖವನ್ನು ಕೆಳಗೆ ಮಾಡಿ ಕಾವಲಿಯ ಮೇಲಿಟ್ಟು, ಉರಿ ಸಣ್ಣಗಿಟ್ಟು, ಪಕ್ಕಕ್ಕೇ ಮೀಟರಿನ ಟೆಂಪರೇಚರ್ ವೈರ್ ತಾಗಿಸಿ, ಟರ್ಮಿನಲ್‌ಗಳಿಗೆ ಕ್ಲಿಪ್ ಹಾಕಿ ನೋಡಬೇಕು. ಒಳ್ಳೆಯದಾದರೆ ಅಚ್ಚಾದ ಅಂಕಿಯ ಆಸುಪಾಸಿನಲ್ಲಿ ಟಕ್ ಎಂದು ಬಿಡುತ್ತದೆ, ಇಳಿಸಿ ಆರಲು ಬಿಟ್ಟರೆ ಮತ್ತೆ ಟಕ್ ಎಂದು ಕೂಡುತ್ತದೆ. ಇಲ್ಲಿನದು 140 ದಾಟಿದರೂ ಬಿಡಲಿಲ್ಲ. ಕಾಂಟ್ಯಾಕ್ಟ್ ಬೆಸೆದುಹೋಗಿತ್ತು.

ಬೆಸೆದದ್ದು ಯಾಕೆ

ಒಳ್ಳೆಯ ಥರ್ಮೋಸ್ಟಾಟ್ ಸುಮ್ಮನೆ ಬೆಸೆಯುವುದಿಲ್ಲ. ಸರಿಯಾಗಿ ಉಸಿರಾಡುವ ಡ್ರೈಯರಿನಲ್ಲಿ ಈ ಬಿಲ್ಲೆಗೆ ಕೆಲಸ ತೀರಾ ಕಡಿಮೆ. ದಿನನಿತ್ಯದ ಬಿಸಿಯ ನಿಯಂತ್ರಣ ಸೆನ್ಸರ್ ಮತ್ತು ಬೋರ್ಡಿನದು. ಗಾಳಿಯ ದಾರಿ ಕಟ್ಟಿದಾಗ ಮಾತ್ರ ಈ ಬಿಲ್ಲೆ ಕೆಲವು ನಿಮಿಷಕ್ಕೊಮ್ಮೆ ಬಿಡುವುದು, ಕೂಡುವುದು ಶುರುವಾಗುತ್ತದೆ. ಪ್ರತಿ ಸಲವೂ ಎಂಟೊಂಬತ್ತು ಆಂಪ್ ಕರೆಂಟನ್ನು ಕತ್ತರಿಸುವಾಗ ಒಳಗೆ ಕಿಡಿ ಹಾರುತ್ತದೆ. ಸಾವಿರಾರು ಕಿಡಿಗಳಾದ ಮೇಲೆ ಕಾಂಟ್ಯಾಕ್ಟ್ ಕರಗಿ ಅಂಟಿಕೊಳ್ಳುತ್ತದೆ.

ಸೆನ್ಸರ್ ಇದನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳಬಹುದು. ಸೆನ್ಸರ್ ಇರುವುದು ಡ್ರಮ್ ದಾಟಿದ ಮೇಲೆ. ಹೀಟರಿನಿಂದ ಹೊರಟ ಗಾಳಿ ಒದ್ದೆ ಬಟ್ಟೆಯ ಮೂಲಕ ಹಾದು, ನೀರು ಆವಿ ಮಾಡುತ್ತ ತಣಿದು ಅಲ್ಲಿಗೆ ಬರುತ್ತದೆ. ಗಾಳಿ ಕಡಿಮೆಯಾದಷ್ಟೂ ಹೀಟರ್ ಪೆಟ್ಟಿಗೆ ಬಿಸಿಯಾಗುತ್ತದೆ, ಸೆನ್ಸರಿಗೆ ಮಾತ್ರ ಎಲ್ಲ ತಂಪಾಗಿಯೇ ಕಾಣುತ್ತದೆ. ಪೆಟ್ಟಿಗೆಯನ್ನು ಕಾಯುವುದಕ್ಕೆ ಆ ಎರಡು ಬಿಲ್ಲೆಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಕೊಳವೆಯ ಕಡೆ ನೋಡಿದಾಗ ಕಥೆ ಸ್ಪಷ್ಟವಾಯಿತು. ಹಿಂಬದಿಯಿಂದ ಹೊರಟ 100 ಮಿ.ಮೀ.ನ ಸುಕ್ಕು ಸುಕ್ಕಿನ ಅಲ್ಯೂಮಿನಿಯಂ ಕೊಳವೆ ಗೋಡೆ ಹತ್ತಿ, ಅಟ್ಟದ ಮೇಲೆ ಅಡ್ಡ ಹಾಯ್ದು, ಹೆಂಚಿನ ಸೂರಿನಡಿ ಹೊರಗೆ ಹೋಗಿತ್ತು. ಒಟ್ಟು ಐದೂವರೆ ಮೀಟರ್, ಮೂರು ತಿರುವು. ಅಟ್ಟದ ಮೇಲೆ ಆಧಾರವಿಲ್ಲದೆ ನಡುವೆ ಜೋತುಬಿದ್ದಿತ್ತು. ಆಷಾಢದ ಚಳಿಗೆ ಕೊಳವೆಯ ಮೈ ತಣ್ಣಗೆ, ಒಳಗೆ ಬರುವುದು ಬಿಸಿ ಆವಿ. ಆವಿ ನೀರಾಗಿ ಜೋತ ಜಾಗದಲ್ಲಿ ನಿಂತಿತ್ತು. ಬಟ್ಟೆಯಿಂದ ಉದುರಿದ ನವಿರು ಎಳೆ, ಅಂದರೆ ಲಿಂಟ್, ಆ ನೀರಿಗೆ ಸೇರಿ ನೆನೆಸಿದ ಕಾಗದದ ಮುದ್ದೆಯಂತಾಗಿತ್ತು. ಎರಡು ಮುಷ್ಟಿ ತುಂಬ ಬಂತು. ಹೊರಬಾಯಿಗೆ, ಹಲ್ಲಿ ಮತ್ತು ಕಣಜ ಒಳಗೆ ಬರಬಾರದೆಂದು, ಸೊಳ್ಳೆ ಜಾಲರಿ ಕಟ್ಟಿದ್ದರು. ಒಳ್ಳೆಯ ಉದ್ದೇಶದಿಂದ ಆದ ಅತಿ ದೊಡ್ಡ ತಪ್ಪು ಅದೇ. ಜಾಲರಿಯ ಮೇಲೆ ಲಿಂಟ್ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು.

ಗಾಳಿಯ ವೇಗ ಅಳೆಯುವ ಸಣ್ಣ ಮೀಟರಿನಲ್ಲಿ ಹೊರಬಾಯಿಯಲ್ಲಿ ಸೆಕೆಂಡಿಗೆ 2.1 ಮೀಟರ್ ಬಂತು. ಕೊಳವೆ ಕಳಚಿ ಮೆಷಿನ್ ಬೆನ್ನಿಗೇ ಹಿಡಿದರೆ 5.9. ಮೆಷಿನ್ ಗಂಟೆಗೆ 165 ಘನ ಮೀಟರ್ ತಳ್ಳಬಲ್ಲದು, ಕೊಳವೆ ಅದರಲ್ಲಿ 60ನ್ನು ಮಾತ್ರ ಬಿಡುತ್ತಿದೆ. ಮೀಟರ್ ಇಲ್ಲದವರು ಹೊರಬಾಯಿಗೆ ಒಂದು ಹಾಳೆ ಪೇಪರ್ ಹಿಡಿದರೂ ಗೊತ್ತಾಗುತ್ತದೆ. ಗಟ್ಟಿಯಾಗಿ ಪಟಪಟ ಹಾರಬೇಕು, ಅಲುಗಾಡಿ ಸುಮ್ಮನಾದರೆ ದಾರಿ ಕಟ್ಟಿದೆ.

ರಾತ್ರಿಯ ವೋಲ್ಟೇಜ್

ಆದರೂ ಒಂದು ಪ್ರಶ್ನೆ ಉಳಿದಿತ್ತು. ಕೊಳವೆ ಕಟ್ಟಿದ್ದು ಒಂದು ದಿನದಲ್ಲಲ್ಲ. ಹಾಗಿದ್ದರೆ ಹೊಸ ಕಟ್‌ಔಟ್ ಹದಿನೈದು ದಿನ ಬಾಳಿ ಆಮೇಲೆ ಯಾಕೆ ಹೋಗುತ್ತದೆ? ಮೊದಲ ದಿನವೇ ಹೋಗಬೇಕಿತ್ತಲ್ಲ. ಉತ್ತರ ಸಾಕೆಟ್‌ನಲ್ಲಿತ್ತು. ಎರಡು ದಿನ ಹೊತ್ತು ಹೊತ್ತಿಗೆ ಬರೆದಿಟ್ಟ ವೋಲ್ಟೇಜ್ ಹೀಗಿತ್ತು: ಮಧ್ಯಾಹ್ನ 228ರಿಂದ 232. ಸಂಜೆ ಏಳರ ಹೊತ್ತಿಗೆ 188. ರಾತ್ರಿ ಹನ್ನೊಂದಕ್ಕೆ 252.

ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದೇ 2000 ವ್ಯಾಟ್ ಹೀಟರ್ 188ಕ್ಕೆ 1340 ವ್ಯಾಟ್, 252ಕ್ಕೆ 2400 ವ್ಯಾಟ್. ಗಂಟೆಗೆ 60 ಘನ ಮೀಟರ್ ಗಾಳಿಗೆ ಇದನ್ನು ಹಂಚಿದರೆ, 21 ಡಿಗ್ರಿಯಲ್ಲಿ ಒಳಹೋದ ಗಾಳಿ ಹೀಟರ್ ದಾಟುವಾಗ ಸರಾಸರಿ ಎಷ್ಟು ಕಾಯುತ್ತದೆ ಎಂದು ಲೆಕ್ಕ ಹಾಕಬಹುದು. ಸಂಜೆ ಸುಮಾರು 96 ಡಿಗ್ರಿ. ಮಧ್ಯಾಹ್ನ 133. ರಾತ್ರಿ 155. ಗಾಳಿ ಪೂರ್ತಿ ಹರಿಯುತ್ತಿದ್ದರೆ ಮಧ್ಯಾಹ್ನ 65ರ ಆಚೆ ಹೋಗುತ್ತಿರಲಿಲ್ಲ.

ಈ ಮೂರು ಅಂಕಿ ಇಡೀ ಪ್ರಕರಣವನ್ನು ಬಿಡಿಸುತ್ತವೆ. ಸಂಜೆ ಓಡಿಸಿದರೆ ಯಾವ ಬಿಲ್ಲೆಗೂ ತೊಂದರೆಯಿಲ್ಲ, ಬಟ್ಟೆ ಮಾತ್ರ ಒಣಗುವುದಿಲ್ಲ. ಹಗಲು ಓಡಿಸಿದರೆ 120ರದು ಕಿಡಿ ಹಾರಿಸುತ್ತ ಸವೆಯುತ್ತದೆ, 150ರದು ಉಳಿಯುತ್ತದೆ. ಮೊದಲನೆಯದು ಬೆಸೆದುಹೋದ ಮೇಲೆ, ಅತಿಥಿಗಳು ಹೆಚ್ಚಿದ ಒಂದು ರಾತ್ರಿ ಊಟವಾದ ಮೇಲೆ ಕೊನೆಯ ಲೋಡ್ ಹಾಕಿದರೆ ಅಂದೇ ಕಟ್‌ಔಟ್ ಹೋಗುತ್ತದೆ. ಮೂರು ಸಲವೂ ಮೆಷಿನ್ ಕೆಟ್ಟದ್ದು ಗೊತ್ತಾದದ್ದು ಬೆಳಗಿನ ಮೊದಲ ಲೋಡಿನಲ್ಲಿ, ಹಿಂದಿನ ರಾತ್ರಿ ತಡವಾಗಿ ಓಡಿಸಿದ್ದ ಮೇಲೆ.

ಇಲ್ಲೊಂದು ಎಚ್ಚರ. ರಾತ್ರಿ 250 ದಾಟುವುದು ಲೋಡ್ ಕಡಿಮೆಯಾದಾಗ ಹಳ್ಳಿಯ ಲೈನುಗಳಲ್ಲಿ ಆಗುವಂಥದ್ದೇ. ಆದರೆ ದೀಪಗಳು ಒಮ್ಮೆಲೇ ಪ್ರಖರವಾಗಿ, ಮೀಟರ್ 270–280 ತೋರಿಸಿದರೆ ಅದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ಲೈನಿಗೆ ಬಡಿದಾಗ ಇದು ಆಗುತ್ತದೆ. ಮೇನ್ ಇಳಿಸಿ ಲೈನ್‌ಮನ್‌ಗೆ ಹೇಳುವುದೊಂದೇ ದಾರಿ.

ಮಾಡಿದ್ದು

ಎರಡು ಬಿಲ್ಲೆಗಳನ್ನೂ ಒಟ್ಟಿಗೆ ಬದಲಾಯಿಸಲಾಯಿತು, ಆ ಮಾಡೆಲ್ ನಂಬರಿಗೆ ಬರುವ ಜೋಡಿಯನ್ನೇ ತರಿಸಿ. ನೋಡಲು ಒಂದೇ ಥರ ಇರುವ ಬಿಲ್ಲೆ ಅಂಗಡಿಯಲ್ಲಿ ಸಿಗುತ್ತದೆಂದು 120ರ ಜಾಗಕ್ಕೆ ಹೆಚ್ಚಿನ ಅಂಕಿಯದನ್ನು ಹಾಕಿದರೆ ಮೆಷಿನ್ ಓಡುತ್ತದೆ, ರಕ್ಷಣೆ ಹೋಗುತ್ತದೆ. ವೈರ್ ನೇರ ಸೇರಿಸುವುದಂತೂ ಮನೆಗೆ ಬೆಂಕಿ ಇಡುವ ಕೆಲಸ. ಹೀಟರ್ ಪೆಟ್ಟಿಗೆಯ ಅಂಚಿನಲ್ಲಿ ಒಣ ಹತ್ತಿಯಂಥ ಲಿಂಟ್, ಮೇಲೆ ಮರದ ಅಟ್ಟ, ಪಕ್ಕದ ಕೋಣೆಯಲ್ಲಿ ಮಲಗಿದ ಅತಿಥಿಗಳು. ಆ ಬಿಲ್ಲೆಯೊಂದು ಅಲ್ಲಿ ಇರಲೇಬೇಕು.

ಹೀಟರಿನ ವೈರ್ ತುದಿಯ ಒಂದು ಥಿಂಬಲ್ (ಲೋಹದ ಹಿಡಿ) ಕಪ್ಪಾಗಿ ಸಡಿಲವಾಗಿತ್ತು. ವೈರನ್ನು ಹೊಳೆಯುವ ತಾಮ್ರ ಬರುವವರೆಗೆ ಹಿಂದಕ್ಕೆ ಕತ್ತರಿಸಿ, ಶಾಖ ತಡೆಯುವ ಫೈಬರ್ ಗ್ಲಾಸ್ ತೋಳು ಹಾಕಿ, ಹೊಸ ಥಿಂಬಲನ್ನು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ ಕೂರಿಸಬೇಕು. ಬೆಸುಗೆ ಹಾಕಬಾರದು, ಬಿಸಿಗೆ ಕರಗುತ್ತದೆ. ಪೆಟ್ಟಿಗೆ, ಫ್ಯಾನಿನ ಎಲೆ, ಫಿಲ್ಟರ್ ಕೂರುವ ಗೂಡು ಇಷ್ಟನ್ನೂ ಬಣ್ಣದ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆಯಲಾಯಿತು.

ಫಿಲ್ಟರ್ ಕಣ್ಣಿಗೆ ಸ್ವಚ್ಛವಾಗಿತ್ತು, ಪ್ರತಿ ಲೋಡ್‌ಗೂ ಲಿಂಟ್ ತೆಗೆಯುತ್ತಿದ್ದರು. ನಲ್ಲಿಯಡಿ ಹಿಡಿದರೆ ನೀರು ಇಳಿಯದೆ ಮೇಲೇ ನಿಂತಿತು. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರಾವಣ ಜಾಲರಿಯ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂತಿತ್ತು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕಾಯಿತು.

ದೊಡ್ಡ ಕೆಲಸ ಕೊಳವೆಯದು. ಮೆಷಿನ್ನನ್ನೇ ಪೂರ್ವದ ಹೊರಗೋಡೆಗೆ ಸರಿಸಿ, 1.2 ಮೀಟರ್ ಉದ್ದದ ನೇರ ತಗಡಿನ ಪೈಪು ಹಾಕಲಾಯಿತು, ಹೊರಗಡೆಗೆ ಒಂದಿಂಚು ಇಳಿಜಾರು ಕೊಟ್ಟು. ಒಳಗೆ ನೀರಾದರೂ ಹೊರಗೆ ಹರಿದುಹೋಗುತ್ತದೆ. ಪೂರ್ವದ ಗೋಡೆ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಮಳೆಗಾಳಿ ಪಡುವಣದಿಂದ ಬೀಸುತ್ತದೆ. ಹಳೆಯ ಹೊರಬಾಯಿ ಅದಕ್ಕೆ ಎದುರು ಮುಖವಾಗಿದ್ದು, ಜೋರು ಗಾಳಿಯ ದಿನ ಡ್ರೈಯರಿನ ಉಸಿರನ್ನು ಒಳಕ್ಕೇ ತಳ್ಳುತ್ತಿತ್ತು. ಹೊಸ ಬಾಯಿಗೆ ತೂಗುವ ಮುಚ್ಚಳವಷ್ಟೇ, ಜಾಲರಿಯಿಲ್ಲ. ಪೈಪಿನ ಜೋಡಣೆಗೆ ಒಳಗೆ ಚಾಚುವ ಸ್ಕ್ರೂ ಹಾಕಬಾರದು, ಲಿಂಟ್ ಅದಕ್ಕೇ ಮೊದಲು ಸುತ್ತಿಕೊಳ್ಳುತ್ತದೆ. ಕ್ಲಾಂಪ್ ಮತ್ತು ಅಲ್ಯೂಮಿನಿಯಂ ಟೇಪು ಸಾಕು. ಹೊರಗೆ ಹೋಗುವಷ್ಟೇ ಗಾಳಿ ಒಳಗೂ ಬರಬೇಕು. ಮಳೆಗೆ ಕಿಟಕಿ ಮುಚ್ಚಿ, ಬಾಗಿಲು ಹಾಕಿ ಓಡಿಸುತ್ತಿದ್ದ ಕೋಣೆ ಅದು. ಬಾಗಿಲ ಕೆಳಭಾಗದಲ್ಲಿ ಪಟ್ಟಿ ಪಟ್ಟಿಯ ಗಾಳಿಕಿಂಡಿ ಕೊರೆಸಲಾಯಿತು.

ವೋಲ್ಟೇಜಿಗೆ ಬೋರ್ಡಿನಲ್ಲಿ ಒಂದು ಪ್ರೊಟೆಕ್ಟರ್ ಕೂರಿಸಿ 245ರ ಮೇಲೆ, 190ರ ಕೆಳಗೆ ಕತ್ತರಿಸುವಂತೆ ಇಡಲಾಯಿತು. ಸ್ಟೆಬಿಲೈಸರ್ ಹಾಕುವುದಾದರೆ 2200 ವ್ಯಾಟ್ ಮೆಷಿನ್‌ಗೆ 4 ಕೆವಿಎ ಬೇಕು. ಫ್ರಿಜ್ಜಿನ ಸ್ಟೆಬಿಲೈಸರ್‌ಗೆ ಡ್ರೈಯರ್ ಸಿಕ್ಕಿಸಿದರೆ ಮೊದಲು ಸುಡುವುದು ಸ್ಟೆಬಿಲೈಸರೇ. ಇಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಎಲ್ಲ ಲೋಡ್ ಮುಗಿಸುವ ಕ್ರಮ ಸಾಕಾಯಿತು.

ಪರೀಕ್ಷೆ, ಮತ್ತು ಉಳಿದ ಒಂದು ದೂರು

ಹೊಸ ಪೈಪಿನ ಬಾಯಿಯಲ್ಲಿ ಗಾಳಿಯ ವೇಗ 5.6. ಕರೆಂಟು 9.7 ಆಂಪ್. ಒಂದು ಗಂಟೆ ನಿಂತು ನೋಡಿದರೂ ಥರ್ಮೋಸ್ಟಾಟ್ ಒಮ್ಮೆಯೂ ಬಿಡಲಿಲ್ಲ. ಆದರೂ 5 ಕೆ.ಜಿ. ಬೆಡ್‌ಶೀಟ್ ಒಣಗಲು ಎರಡು ಗಂಟೆಯ ಮೇಲೆ ಹಿಡಿಯಿತು. ಇನ್ನೂ ಏನೋ ಕೆಟ್ಟಿದೆ ಎಂಬ ಆತಂಕ ಮನೆಯವರಿಗೆ.

ಕಾಫಿ ಚೀಲ ತೂಗುವ ತಕ್ಕಡಿಯೇ ಇದಕ್ಕೆ ಉತ್ತರ ಕೊಟ್ಟಿತು. ಒಣಗಿದಾಗ 5 ಕೆ.ಜಿ. ಇದ್ದ ಬಟ್ಟೆ ವಾಷಿಂಗ್ ಮೆಷಿನ್‌ನಿಂದ ಬಂದಾಗ 9.1 ಕೆ.ಜಿ. ತೂಗಿತು. ಅಂದರೆ 4.1 ಲೀಟರ್ ನೀರು. ಶೀಟು ಸುಕ್ಕಾಗಬಾರದೆಂದು ಸ್ಪಿನ್ನನ್ನು ನಿಮಿಷಕ್ಕೆ 600 ಸುತ್ತಿಗೆ ಇಟ್ಟಿದ್ದರು. 1000ಕ್ಕೆ ಏರಿಸಿದಾಗ 8.1 ಕೆ.ಜಿ.ಗೆ ಇಳಿಯಿತು. ಒಂದು ಲೀಟರ್ ನೀರನ್ನು ಆವಿ ಮಾಡಲು, ಏನೂ ಪೋಲಾಗದಿದ್ದರೂ, 0.63 ಯೂನಿಟ್ ಬೇಕು. ನಿಜವಾದ ಬಳಕೆಯಲ್ಲಿ ಒಂದರ ಹತ್ತಿರ ಹೋಗುತ್ತದೆ. ಅದೇ ಲೀಟರನ್ನು ವಾಷಿಂಗ್ ಮೆಷಿನ್ ಕೆಲವು ನಿಮಿಷದ ತಿರುಗುವಿಕೆಯಲ್ಲೇ ಹಿಂಡಿ ಬಿಸಾಡುತ್ತದೆ. ಸ್ಪಿನ್ ಬದಲಿಸಿದ ಮೇಲೆ ಅದೇ ಲೋಡ್ 95 ನಿಮಿಷಕ್ಕೆ ಒಣಗಿತು, ಮೀಟರಿನಲ್ಲಿ 3.1 ಯೂನಿಟ್.

ಹೊರಗಿನ ಗಾಳಿಯೇ ಇಷ್ಟು ಒದ್ದೆಯಿರುವಾಗ ಡ್ರೈಯರ್ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಮಲೆನಾಡಿನಲ್ಲಿ ಅನೇಕರಿಗಿದೆ. ಮಾಡುತ್ತದೆ. 20 ಡಿಗ್ರಿಯಲ್ಲಿ ತೇವಾಂಶ ನೂರಕ್ಕೆ 95 ಇರುವ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಸುಮಾರು 11ಕ್ಕೆ ಇಳಿಯುತ್ತದೆ. ಅಷ್ಟು ಒಣಗಿದ ಗಾಳಿ ಬಟ್ಟೆಯಿಂದ ನೀರು ಹೀರುವುದಕ್ಕೆ ಧಾರಾಳ ಸಾಕು.

ಆಶ್ಲೇಷಾ, ಮಘಾ ಎರಡೂ ಮಳೆ ಮೆಷಿನ್ ದಿನವೂ ಓಡಿತು, ಕಟ್‌ಔಟ್ ಹೋಗಲಿಲ್ಲ. ಮೆಷಿನ್ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ: ಲಿಂಟ್ ಪ್ರತಿ ಲೋಡಿಗೆ, ಫಿಲ್ಟರ್ ಸೋಪಿನಲ್ಲಿ ಹದಿನೈದು ದಿನಕ್ಕೊಮ್ಮೆ, ಪೈಪು ತಿಂಗಳಿಗೊಮ್ಮೆ. ಹೊರಬಾಯಿಯ ಮುಚ್ಚಳ ಮೆಷಿನ್ ಓಡುವಾಗ ಪೂರ್ತಿ ತೆರೆದು ನಿಲ್ಲದಿದ್ದರೆ ಆ ದಿನವೇ ಪೈಪು ಬಿಚ್ಚುವುದು.